ಡೆಲ್ಫೀನಳ ಕಾರು ಹೊರಬಂದ ಭಾನುವಾರ

ಅಮೆರಿಕದ ಬಫಲೋ ನಗರದ ಪಕ್ಕದ ಚೀಕ್ಟೊವಾಗದಲ್ಲಿ, ನಮ್ಮ ಹಲೀನಾ ಬೀದಿಯಲ್ಲಿ, ಗಂಡಸಿನ ಯೋಗ್ಯತೆ ಗೊತ್ತಾಗುವುದು ಅವನ ಮನೆ ಪಕ್ಕದ ಡಾಂಬರಿನಿಂದ. ರಸ್ತೆಯಿಂದ ಹಿತ್ತಲ ಕಾರು ಷೆಡ್ಡಿನ ತನಕ, ಮನೆಯ ಗೋಡೆಗೂ ನೆರೆಯವರ ತಂತಿಬೇಲಿಗೂ ನಡುವೆ ಹೋಗುವ ಆ ಅರವತ್ತಡಿ ಹಾದಿ ಕರ್ರಗೆ ಮಿರುಗುತ್ತಿದ್ದರೆ ಅವನು ಮರ್ಯಾದಸ್ಥ. ಬೂದಿ ಬಣ್ಣಕ್ಕೆ ತಿರುಗಿ ಬಿರುಕಿನಲ್ಲಿ ಹುಲ್ಲು ಎದ್ದಿದ್ದರೆ ಅವನು ಕುಡಿಯುತ್ತಾನೆ, ಇಲ್ಲವೇ ಹೆಂಡತಿ ಬಿಟ್ಟುಹೋಗಿದ್ದಾಳೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವ ಗಂಡಸರು ಕೈ ಹಿಂದಕ್ಕೆ ಕಟ್ಟಿಕೊಂಡು ಒಂದೊಂದು ಮನೆ ಮುಂದೆಯೂ ನಿಂತು ನೆಲ ನೋಡುತ್ತಾರೆ, ಹೆಣ್ಣು ನೋಡಲು ಬಂದವರ ಹಾಗೆ. ನಾಚಿಕೆ ಎಂಬುದು ಯಾರಿಗೂ ಇಲ್ಲ.

ಇಡೀ ಬೀದಿಗೆ ಚೆಂದದ ನೆಲ ನಾರ್ಬರ್ಟ್ ವೊಯ್ತಾಸಿಕ್‌ನದು. ಕಾರ್ಖಾನೆಯಿಂದ ನಿವೃತ್ತನಾದ ಮೇಲಂತೂ ಅವನಿಗೆ ಅದೇ ಧ್ಯಾನ. ಏಪ್ರಿಲ್‌ನಲ್ಲಿ ಹಿಮ ಕರಗುತ್ತಿದ್ದಂತೆ ಮಂಡಿಯೂರಿ ಬಿರುಕು ಎಣಿಸುತ್ತಾನೆ. ಜೂನ್‌ನಲ್ಲಿ ಹಳೆಯ ಅಡುಗೆ ಚಾಕುವಿನಿಂದ ಬಿರುಕಿನ ಹುಲ್ಲು ಕೆರೆದು, ಬಿಸಿ ಮಾಡಿದ ಕರಿ ಅಂಟನ್ನು ತುಂಬುತ್ತಾನೆ. ಆಗಸ್ಟ್‌ನಲ್ಲಿ ಸೋಪಿನ ನೀರು ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಡಬ್ಬಗಟ್ಟಲೆ ಕರಿ ಲೇಪ ಸುರಿದು, ರಬ್ಬರಿನ ಅಂಚಿರುವ ಉದ್ದ ಕೋಲಿನಿಂದ ಷೆಡ್ಡಿನ ಬಾಗಿಲಿನಿಂದ ರಸ್ತೆಯ ಕಡೆಗೆ ಎಳೆಯುತ್ತಾ ಬರುತ್ತಾನೆ. ಆಮೇಲೆ ಅಡ್ಡಲಾಗಿ ಹಗ್ಗ ಕಟ್ಟಿ ಚಿಂದಿ ಬಟ್ಟೆ ನೇತುಹಾಕುತ್ತಾನೆ. ನಲವತ್ತೆಂಟು ಗಂಟೆ ಅದರ ಮೇಲೆ ಬೆಕ್ಕು ಕೂಡ ಕಾಲಿಡುವಂತಿಲ್ಲ.

ಮೂರು ವರ್ಷಕ್ಕೊಮ್ಮೆ ಹಚ್ಚಿದರೆ ಸಾಕು ಎಂದು ಡಬ್ಬದ ಮೇಲೇ ಬರೆದಿದೆ. ನಾರ್ಬರ್ಟ್ ವರ್ಷ ತಪ್ಪದೆ ಹಚ್ಚುತ್ತಾನೆ. ಹಾಗಾಗಿ ಲೇಪದ ಮೇಲೆ ಲೇಪ ಕೂತು ಚಳಿಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಎದ್ದಿತಲ್ಲ ಎಂದು ಮತ್ತೆ ಹಚ್ಚುತ್ತಾನೆ. ಮದ್ದಿನಿಂದಲೇ ರೋಗ ಬರುತ್ತಿದೆ ಎಂಬುದು ಅವನ ಹೆಂಡತಿ ಡೆಲ್ಫೀನಳಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಒಮ್ಮೆ ಹೇಳಿಯೂ ನೋಡಿದಳು.

"ನೀನು ಸ್ಕೂಲಲ್ಲಿ ಮಕ್ಕಳಿಗೆ ಸೂಪ್ ಮಾಡ್ತೀಯ. ಉಪ್ಪು ಎಷ್ಟು ಹಾಕು ಅಂತ ನಾನು ಹೇಳೋಕೆ ಬರ್ತೀನಾ?" ಎಂದ ನಾರ್ಬರ್ಟ್.

ಮನೆಯ ಸೂಪಿಗೆ ಉಪ್ಪೆಷ್ಟು ಎಂದು ದಿನಾ ಹೇಳುತ್ತಿದ್ದ, ಅದು ಬೇರೆ ಮಾತು.

ಡೆಲ್ಫೀನ್ ಆ ಮನೆಗೆ ಬಂದು ಮೂವತ್ತಮೂರು ವರ್ಷ. ಆ ನೆಲದ ಕಾನೂನುಗಳು ಅವಳಿಗೆ ಪ್ರಾರ್ಥನೆಯಷ್ಟೇ ಬಾಯಿಪಾಠ. ಬೇಸಿಗೆಯಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಅದರ ಮೇಲೆ ನಡೆಯುವಂತಿಲ್ಲ, ಬಿಸಿಲಿಗೆ ಮೆತ್ತಗಾದ ಡಾಂಬರು ತೂತಾಗುತ್ತದೆ. ಯಾರ ಮದುವೆಗೆ ಹೊರಟರೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ದಾಟಬೇಕು. ಮಗಳು ಮಾರ್ಸಿಯಾ ಚಿಕ್ಕವಳಿದ್ದಾಗ ಅವಳ ಸೈಕಲ್ ಸ್ಟ್ಯಾಂಡಿನ ಕೆಳಗಿಡಲು ಒಂದು ಹಲಗೆ ಚೂರು ಇತ್ತು; ಹಲಗೆ ಮರೆತರೆ ಸೈಕಲ್ ಒಂದು ವಾರ ಬೀಗದೊಳಗೆ. ಆ ಹುಡುಗಿ ಈಗ ರಾಚೆಸ್ಟರಿನಲ್ಲಿ ಮನೆ ಮಾಡಿ, ಮುಂದುಗಡೆ ಬೇಕೆಂದೇ ಜಲ್ಲಿ ಸುರಿಸಿಕೊಂಡಿದ್ದಾಳೆ. ಅಪ್ಪ ಅಲ್ಲಿಗೆ ಹೋದರೆ ಅರ್ಧ ಗಂಟೆ ಮುಖ ಸಿಂಡರಿಸಿಕೊಂಡು ಗಾಡಿಯಲ್ಲೇ ಕೂತಿರುತ್ತಾನೆ.

ಹಾಗೆಂದು ನಾರ್ಬರ್ಟ್ ಕೆಟ್ಟವನೇ? ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಸಂಬಳವನ್ನು ಎಂದೂ ಬಚ್ಚಿಟ್ಟವನಲ್ಲ. ಡೆಲ್ಫೀನಳಿಗೆ ಜ್ವರ ಬಂದಾಗ ಮೂರು ದಿನ ತಾನೇ ಅಡುಗೆ ಮಾಡಿ ಹಾಕಿದವನು. ಇಂಥ ಗಂಡನ ಮೇಲೆ ದೂರು ಹೇಳಲು ಹೊರಟರೆ ಕೇಳಿದವರು ನಗುತ್ತಾರೆ. ಅವಳ ಸಂಕಟವೇ ಅದು. ಹೇಳಿಕೊಳ್ಳಲು ಒಂದು ಗಾಯವಿಲ್ಲ, ಉಸಿರಾಡಲು ಜಾಗವೂ ಇಲ್ಲ.

ಉಸಿರಾಡಲು ಇದ್ದದ್ದು ಒಬ್ಬಳು ಅಕ್ಕ, ಬ್ರೋನ್ಯಾ. ಒಂದು ಗಂಟೆ ದೂರದ ಡನ್‌ಕರ್ಕ್‌ನಲ್ಲಿ ಗಂಡ ಕ್ಯಾಸಿಮಿರ್ ಜೊತೆ ಇದ್ದಳು. ಹದಿನೈದು ವರ್ಷದ ಹಿಂದೆ ಈಸ್ಟರ್ ಊಟಕ್ಕೆ ಅವರಿಬ್ಬರೂ ಬಂದಿದ್ದಾಗ ಕ್ಯಾಸಿಮಿರ್‌ನ ಹಳೇ ಕಾರಿನಿಂದ ಎಣ್ಣೆ ತೊಟ್ಟಿಕ್ಕಿತು. ಎಲ್ಲರೂ ತಟ್ಟೆಯ ಮುಂದೆ ಕೂತಿರುವಾಗ ನಾರ್ಬರ್ಟ್ ಎದ್ದುಹೋಗಿ, ಅಂಗಾತ ಮಲಗಿ, ಕಾರಿನ ಅಡಿಗೆ ಕೇಕಿನ ತಗಡು ತಳ್ಳಿ ಬಂದ. "ನಿನ್ನ ನೆಲ ನೀನೇ ನೆಕ್ಕು" ಎಂದು ಕ್ಯಾಸಿಮಿರ್ ಕೈ ಒರೆಸಿಕೊಂಡು ಎದ್ದ. ಅಲ್ಲಿಂದೀಚೆಗೆ ಇವನು ಅವನ ಹೊಸ್ತಿಲು ತುಳಿದಿಲ್ಲ, ಅವನು ಇವನದನ್ನು ತುಳಿದಿಲ್ಲ. ಅಕ್ಕತಂಗಿಯರ ಪಾಲಿಗೆ ಫೋನು ಉಳಿಯಿತು.

ಐವತ್ತು ತುಂಬಿದ ವರ್ಷ ಡೆಲ್ಫೀನ್ ಯಾರಿಗೂ ಹೇಳದೆ ಕಾರು ಕಲಿತಳು. ಗೇರು ಹಾಕುವ ತಾಪತ್ರಯವಿಲ್ಲದ ಒಂದು ಸಣ್ಣ ಹಳೇ ಕಾರನ್ನು ಶಾಲೆಯ ಸಂಬಳದಲ್ಲಿ ಕೊಂಡಳು. ತಿಂಗಳಿಗೊಂದು ಭಾನುವಾರ ಡನ್‌ಕರ್ಕ್‌ಗೆ ಹೋಗಿಬರುವಳು. ಆದರೆ ಒಂದು ಕೊರತೆ. ಕಾರಿನ ಹೊಗೆ ಷೆಡ್ಡಿನ ಗೋಡೆಗೆ ಬಡಿಯಬಾರದೆಂದು ಮೂತಿ ಒಳಗೆ ಮಾಡಿಯೇ ನಿಲ್ಲಿಸಬೇಕೆಂಬುದು ನಾರ್ಬರ್ಟ್‌ನ ಕಟ್ಟಳೆ. ಹಿಮ್ಮುಖವಾಗಿ ಆ ಅರವತ್ತಡಿ ಬರಲು ಡೆಲ್ಫೀನಳಿಗೆ ಜೀವ ಹಾರಿಹೋಗುತ್ತಿತ್ತು. ಒಮ್ಮೆ ಬೇಲಿ ಕೆರೆದ ಮೇಲೆ ನಾರ್ಬರ್ಟ್ ತಾನೇ ಹೊರಗೆ ತಂದು ರಸ್ತೆಯಲ್ಲಿ ನಿಲ್ಲಿಸಿ ಕೀಲಿ ಕೊಡುತ್ತಿದ್ದ. ಎಲ್ಲಿಗೆ ಬೇಕಾದರೂ ಹೋಗುವ ಹೆಂಗಸು, ಮನೆಯಿಂದ ರಸ್ತೆಗೆ ಬರಲು ಮಾತ್ರ ಗಂಡನೇ ಬೇಕು.

ತೊಂಬತ್ತನಾಲ್ಕರ ಆಗಸ್ಟ್‌ನಲ್ಲಿ ಬ್ರೋನ್ಯಾ ಫೋನು ಮಾಡಿ, ಮಗಳ ಮನೆಗೆ, ದೂರದ ಬಿಸಿಲುನಾಡು ಅರಿಜೋನಾಕ್ಕೆ ಹೋಗುತ್ತಿದ್ದೇವೆ, ಅವಳೇ ಬಂದು ಕರೆದೊಯ್ಯುತ್ತಾಳಂತೆ, ಇನ್ನು ಅಲ್ಲೇ, ಎಂದಳು. ಅವಳ ಶ್ವಾಸಕೋಶ ಹೋಗಿತ್ತು. ಇಲ್ಲಿಯ ಚಳಿ ಇನ್ನೊಂದು ವರ್ಷ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಬೆಳಿಗ್ಗೆ ಹೊರಡುವುದು, ಭಾನುವಾರ ಮಧ್ಯಾಹ್ನ ಕೊನೆಯ ಊಟ. ಇನ್ನು ಒಬ್ಬರನ್ನೊಬ್ಬರು ನೋಡುತ್ತೇವೆ ಎಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ.

ಬುಧವಾರ ಊಟದ ಹೊತ್ತಿಗೆ ಡೆಲ್ಫೀನ್ ಗಂಡನಿಗೆ ಹೇಳಿದಳು, "ಭಾನುವಾರ ನಾನು ಬ್ರೋನ್ಯಾ ಹತ್ರ ಹೋಗ್ತೀನಿ. ಹತ್ತು ಗಂಟೆಗೆ ಕಾರು ತೆಗೆದುಕೊಡು."

"ಹೂಂ" ಎಂದ ನಾರ್ಬರ್ಟ್. ಅವನ ಕಣ್ಣು ಟಿವಿಯ ಹವಾಮಾನದ ಮೇಲಿತ್ತು. ಸೋಮವಾರ ರಾತ್ರಿಯಿಂದ ವಾರವಿಡೀ ಮಳೆ ಎನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ಏಳಕ್ಕೇ ಪಕ್ಕದ ಮನೆಯ ಜೆನ್ ಪಿಲಾರ್ಸ್ಕಿ ಬಂದು ಡೆಲ್ಫೀನಳನ್ನು ಚರ್ಚಿನ ಅಡುಗೆಮನೆಗೆ ಕರೆದುಕೊಂಡು ಹೋದಳು. ಮರುದಿನ ಚರ್ಚಿನ ಬಯಲಿನಲ್ಲಿ ಬೇಸಿಗೆಯ ಸಂತೋಷಕೂಟ. ಹೆಂಗಸರೆಲ್ಲ ಕೂತು ಸಾವಿರಾರು ಪಿಯೆರೋಗಿ ಕಡುಬು ಮಡಚಬೇಕಿತ್ತು. ಹನ್ನೊಂದೂವರೆಗೆ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಅವಳು ವಾಪಸು ಬಂದಾಗ ಬೀದಿ ತುಂಬ ಟಾರಿನ ವಾಸನೆ. ಹಗ್ಗ ಕಟ್ಟಿತ್ತು. ಹಗ್ಗದಾಚೆ ಹಾದಿ ಒದ್ದೆಯಾಗಿ, ಕಪ್ಪಗೆ, ಆಕಾಶ ಕಾಣುವಷ್ಟು ಹೊಳೆಯುತ್ತಿತ್ತು. ನಾರ್ಬರ್ಟ್‌ನ ಪಿಕಪ್ ಗಾಡಿ ರಸ್ತೆಯಲ್ಲಿತ್ತು. ಅವಳ ಕಾರು ಹಿತ್ತಲಿನ ಷೆಡ್ಡಿನಲ್ಲಿತ್ತು.

"ನಾರ್ಬ್, ನನ್ನ ಕಾರು?"

"ಒಳಗಿದೆ, ಭದ್ರವಾಗಿದೆ. ರಸ್ತೇಲಿ ನಿಲ್ಸಿದ್ರೆ ಮರದ ಅಂಟು ಬೀಳತ್ತೆ ಅಂತ ಮುಟ್ಲಿಲ್ಲ."

"ನಾಳೆ ಭಾನುವಾರ."

ನಾರ್ಬರ್ಟ್ ಕೋಲನ್ನು ಗೋಡೆಗೆ ಒರಗಿಸಿ ಅವಳನ್ನು ನೋಡಿದ. ಮರೆತಿದ್ದನೋ, ಮರೆಯಬೇಕೆಂದೇ ಮರೆತಿದ್ದನೋ, ಅದನ್ನು ಅವನೂ ಹೇಳಲಾರ. "ಅಯ್ಯೋ" ಎಂದ. ಆಮೇಲೆ, "ಸೋಮವಾರದಿಂದ ಮಳೆ ಅಂತೆ ಕಣೇ. ಇವತ್ತು ಬಿಟ್ರೆ ಈ ವರ್ಷ ಆಗ್ತಾನೇ ಇರ್ಲಿಲ್ಲ."

"ಈ ವರ್ಷ ಆಗ್ದಿದ್ರೆ ಏನಾಗ್ತಿತ್ತು?"

ಆ ಪ್ರಶ್ನೆ ನಾರ್ಬರ್ಟ್‌ಗೆ ನಿಜಕ್ಕೂ ಅರ್ಥವಾಗಲಿಲ್ಲ.

ಅವಳು ಮಧ್ಯಾಹ್ನವೆಲ್ಲ ದಾರಿ ಹುಡುಕಿದಳು. ಪಿಕಪ್ ಗಾಡಿಗೆ ಗೇರು, ಅದು ಅವಳಿಗೆ ಬಾರದು. ನೀನೇ ಬಿಟ್ಟು ಬಾ ಎಂದಳು. "ಅವನ ಮನೆ ಕಡೆ ತಲೆ ಹಾಕಲ್ಲ ಅಂತ ಹೇಳಿದ್ದೀನಿ. ಹೇಳಿದ ಮೇಲೆ ಮುಗೀತು" ಎಂದ. ಬಾಗಿಲವರೆಗೆ ಬೇಡ, ಬೀದಿ ತುದಿಯಲ್ಲಿ ಇಳಿಸು ಎಂದಳು. ಅವನು ಕೋಲಿನ ರಬ್ಬರು ಒರೆಸತೊಡಗಿದ. ಭಾನುವಾರದ ಬಸ್ಸು ಡನ್‌ಕರ್ಕ್ ಮುಟ್ಟುವುದು ಸಂಜೆ ನಾಲ್ಕಕ್ಕೆ. ಜೆನ್ ಇಡೀ ದಿನ ಚರ್ಚಿನ ಬಾಣಲೆ ಮುಂದೆ, ಅವರ ಮನೆಗಿದ್ದ ಒಂದೇ ಕಾರೂ ಅಲ್ಲೇ. ಮಗಳು ಮಾರ್ಸಿಯಾ ರಜೆಯೆಂದು ಕೆರೆಯ ಕಡೆ ಹೋಗಿದ್ದಳು, ಅಲ್ಲಿ ಫೋನಿಲ್ಲ. ಸಾಲದ್ದಕ್ಕೆ ಜೆನ್‌ಳ ಗಂಡ ಚೆಟ್ ಬೇಲಿಯಾಚೆಯಿಂದ ನೆಲ ನೋಡಿ ತಲೆದೂಗಿದ.

"ಕನ್ನಡಿ ಹಿಡಿದ ಹಾಗಿದೆ. ಅದೃಷ್ಟವಂತೆ ನೀನು, ಡೆಲ್."

ಡೆಲ್ಫೀನಳಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಅವನ ಮೇಲೆ ಎಸೆಯಬೇಕೆನಿಸಿತು. ಕೈಗೆ ಸಿಕ್ಕಿದ್ದು ಒಣಗಿದ ಬಟ್ಟೆ. ಮಡಚಿಟ್ಟಳು.

ಸಂಜೆ ಅಕ್ಕನಿಗೆ ಫೋನು ಮಾಡಿದಳು. ಬ್ರೋನ್ಯಾ ಪೂರ್ತಿ ಕೇಳಿಸಿಕೊಂಡು, ಕೆಮ್ಮಿ, ನಕ್ಕಳು.

"ಆ ಕರಿ ನೆಲ ನಿನ್ನ ಸವತಿ ಕಣೇ, ಡೆಲ್ಕಾ. ಮದುವೆ ದಿನಾನೇ ಹೇಳಿದ್ದೆ."

"ಆಗ ಬರೀ ಮಣ್ಣಿತ್ತು."

"ಮಣ್ಣಲ್ಲೇ ಇದ್ಳು ಅವ್ಳು, ಎದ್ದಿರ್ಲಿಲ್ಲ ಅಷ್ಟೆ." ಮತ್ತೆ ಕೆಮ್ಮು. ಆಮೇಲೆ ದನಿ ತಗ್ಗಿತು. "ಹೋಗ್ಲಿ ಬಿಡು. ರಂಪ ಮಾಡ್ಕೋಬೇಡ. ಕಾಗದ ಬರೀತೀನಿ."

ಬ್ರೋನ್ಯಾ ಜೀವಮಾನದಲ್ಲಿ ಯಾರಿಗೂ ಕಾಗದ ಬರೆದವಳಲ್ಲ. ಫೋನಿಟ್ಟ ಮೇಲೆ ಡೆಲ್ಫೀನ್ ಅಡುಗೆಮನೆಯ ಕಿಟಕಿಯ ಬಳಿ ನಿಂತಳು. ಆ ಕಿಟಕಿಯಿಂದ ಕಾಣುವುದು ಆ ನೆಲ ಒಂದೇ. ಮೂವತ್ತಮೂರು ವರ್ಷ ಪಾತ್ರೆ ತೊಳೆಯುತ್ತಾ ಅವಳು ನೋಡಿದ್ದೂ ಅದನ್ನೇ. ತನ್ನನ್ನು ಮನೆಯೊಳಗಿಟ್ಟು ಸುತ್ತಲೂ ಹಚ್ಚಿಬಿಟ್ಟಿದ್ದಾನೆ ಎಂದು ಅವಳಿಗೆ ಅನಿಸಿತು. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಭಾನುವಾರ ಏಳೂವರೆಯ ಪೂಜೆಗೆ ಇಬ್ಬರೂ ಪಿಕಪ್‌ನಲ್ಲಿ ಹೋಗಿ ಬಂದರು. ನಾರ್ಬರ್ಟ್ ಕಾಫಿ ಹಿಡಿದು ಮುಂದಿನ ಮೆಟ್ಟಿಲ ಮೇಲೆ ಕೂತ. ಬೀದಿಯ ಗಂಡಸರು ಹತ್ತರ ಪೂಜೆ ಮುಗಿಸಿ ನೆಲ ನೋಡಲು ಬರುವುದು ಹನ್ನೊಂದರ ಹೊತ್ತಿಗೆ. ಡೆಲ್ಫೀನ್ ಚರ್ಚಿನ ಉಡುಪಿನಲ್ಲೇ ಹಿಂಬಾಗಿಲಿನಿಂದ ಹುಲ್ಲು ದಾಟಿ ಷೆಡ್ಡಿನ ಪಕ್ಕದ ಬಾಗಿಲಿನಿಂದ ಒಳಹೋದಳು. ಅಕ್ಕನಿಗೆ ಮಾಡಿದ್ದ ಸಿಹಿ ರೊಟ್ಟಿಯನ್ನು ಪಕ್ಕದ ಸೀಟಿನಲ್ಲಿಟ್ಟಳು. ದೊಡ್ಡ ಬಾಗಿಲು ಎತ್ತಿದಳು. ಕಾರು ಶುರು ಮಾಡಿದಳು.

ಎಂಜಿನ್ ಸದ್ದಿಗೆ ನಾರ್ಬರ್ಟ್ ಕಾಫಿ ಚೆಲ್ಲಿಕೊಂಡು ಓಡಿಬಂದ. ನೆಲದ ಮೇಲೆ ಕಾಲಿಡಲಾರದೆ ಹಗ್ಗದ ಹತ್ತಿರ ನಿಂತು ಕೂಗಿದ.

"ಡೆಲ್! ಏನ್ ಬಂದಿದೆ ನಿಂಗೆ? ಇನ್ನೂ ಒಂದಿನ ಪೂರ್ತಿ ಬೇಕು! ಗೋಡೆ ಪಕ್ಕ ಇನ್ನೂ ಅಂಟ್ತಾ ಇದೆ!"

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಹಗ್ಗ ಬಿಚ್ಚು."

"ಬಿಚ್ಚಲ್ಲ."

"ಬಿಚ್ಚದಿದ್ರೆ ಹರ್ಕೊಂಡು ಬರ್ತೀನಿ."

ಹಾಗೆ ಅವಳು ಅವನೊಡನೆ ಎಂದೂ ಮಾತಾಡಿದ್ದಿಲ್ಲ. ಬೇಲಿಯಾಚೆ ಚೆಟ್ ತಟ್ಟೆ ಹಿಡಿದು ನಿಂತುಬಿಟ್ಟಿದ್ದ. ಕಾರು ಷೆಡ್ಡಿನಿಂದ ಹಿಂದಕ್ಕೆ ಬಂತು. ಚಕ್ರ ಹಸಿ ಲೇಪದ ಮೇಲೆ ಏರಿದಾಗ ಗಾಯದ ಪಟ್ಟಿ ಕಿತ್ತಂತೆ ಚರಚರ ಸದ್ದಾಯಿತು. ನಾರ್ಬರ್ಟ್ ತಲೆಯ ಮೇಲೆ ಕೈ ಹೊತ್ತ. ಹತ್ತಡಿ ಬಂದಳು. ಅಲ್ಲಿಂದ ಕಾರಿನ ಹಿಂಭಾಗ ಬೇಲಿಯ ಕಡೆಗೆ ತಿರುಗತೊಡಗಿತು. ಅವಳು ಸರಿಮಾಡಲು ಹೋಗಿ ಇನ್ನಷ್ಟು ತಿರುಗಿಸಿದಳು.

"ಎಡಕ್ಕೆ!" ಎಂದು ಕೂಗಿದ ನಾರ್ಬರ್ಟ್. "ಎಡಕ್ಕೆ ತಿರುಗ್ಸು ಅಂದ್ರೆ... ಅದು ಬಲ ಕಣೇ, ಅಯ್ಯೋ ದೇವ್ರೇ, ಎಡಕ್ಕೆ! ನಿಲ್ಸು! ನಿಂತ ಜಾಗದಲ್ಲಿ ತಿರುಗಿಸ್ಬೇಡ, ಕಿತ್ತು ಬರತ್ತೆ! ಸ್ವಲ್ಪ ಮುಂದೆ ಹೋಗು. ಹಾಂ. ಈಗ ನಿಧಾನ. ನೇರ ಹಿಡಿ. ನೇರ. ನನ್ನ ಕೈ ನೋಡು."

ಎರಡೂ ಕೈ ಮೇಲೆತ್ತಿ, ವಿಮಾನ ಇಳಿಸುವವನಂತೆ ಅವಳನ್ನು ಕರೆಯುತ್ತಿದ್ದ. ಕನ್ನಡಿಯಲ್ಲಿ ಆ ಕೈಗಳು ಕಂಡವು. ಡೆಲ್ಫೀನ್ ಆ ಕೈ ಹೇಳಿದಂತೆ ಬಂದಳು, ಗೋಡೆಗೆ ತಾಗದೆ, ಬೇಲಿಗೆ ತಾಗದೆ, ಅರವತ್ತಡಿಯುದ್ದಕ್ಕೂ ನೇರವಾಗಿ. ಕೊನೆಗೆ ಹಗ್ಗವನ್ನೂ ಅವನೇ ಬಿಚ್ಚಿದ.

ರಸ್ತೆಯಲ್ಲಿ ಕಾರು ನಿಂತಾಗ ಇಬ್ಬರಿಗೂ ಏದುಸಿರು. ನಾರ್ಬರ್ಟ್ ಬೈಯುತ್ತಾನೆಂದು ಅವಳು ಕಾದಳು. ಬೈಗುಳಕ್ಕೆ ಉತ್ತರವನ್ನು ರಾತ್ರಿಯೇ ಕಟ್ಟಿಕೊಂಡಿದ್ದಳು. ಅವನು ಬಗ್ಗಿ ಚಕ್ರ ನೋಡಿದ.

"ಬರ್ವಾಗ ರಸ್ತೇಲೇ ನಿಲ್ಸು" ಎಂದಷ್ಟೇ ಹೇಳಿದ.

ಡನ್‌ಕರ್ಕ್‌ನಲ್ಲಿ ಮನೆಯೆಲ್ಲ ರಟ್ಟಿನ ಪೆಟ್ಟಿಗೆ. ಕೋಳಿ ಸೂಪು ಕಾಗದದ ಬಟ್ಟಲಿನಲ್ಲಿ. ಬ್ರೋನ್ಯಾ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ಕೂತಿದ್ದಳು. ತಂಗಿಯ ಕಾರು ಕಂಡು ಎದ್ದುನಿಂತಳು. ಅಷ್ಟಕ್ಕೇ ಉಸಿರು ಸಾಲದಾಯಿತು.

"ಹೇಗೆ ಬಂದ್ಯೇ?"

"ಅದ್ರ ಮೇಲೇ ಬಂದೆ."

ಕ್ಯಾಸಿಮಿರ್ ಅಂಗಳಕ್ಕಿಳಿದು ಚಕ್ರ ಮುಟ್ಟಿ, ಕರಿಯಾದ ಬೆರಳನ್ನು ಹೆಂಡತಿಗೆ ತೋರಿಸಿ ಬಿದ್ದು ಬಿದ್ದು ನಕ್ಕ. "ಹದಿನೈದು ವರ್ಷದಿಂದ ಕಾಯ್ತಿದ್ದೆ!" ಎಂದ. ಡೆಲ್ಫೀನಳೂ ನಕ್ಕಳು. ಆ ನೆಲದ ಮೇಲೆ ಈಗ ತನ್ನವು ಎರಡು ಗೆರೆಗಳಿವೆ, ಪೂಜೆಯಿಂದ ಬರುವ ಬೀದಿಯ ಗಂಡಸರೆಲ್ಲ ಈಗ ಅದನ್ನು ನೋಡುತ್ತಿದ್ದಾರೆ ಎಂದು ನೆನೆದು ಅವಳಿಗೆ ಹುಚ್ಚು ಖುಷಿಯಾಯಿತು.

"ನಾರ್ಬ್ ಅಡ್ಡ ಬರ್ಲಿಲ್ವಾ?" ಬ್ರೋನ್ಯಾ ತಾನೂ ನಗುತ್ತಾ ಕೇಳಿದಳು.

"ಬೇಲಿಗೆ ಹೊಡೀತಿದ್ದೆ. ಅವನೇ ದಾರಿ ತೋರ್ಸಿ ಹೊರಗೆ ತಂದ."

ಬ್ರೋನ್ಯಾ ನಗುವುದನ್ನು ನಿಲ್ಲಿಸಿದಳು. ತಂಗಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಊಟ ಮುಗಿಯುವ ತನಕ ಆ ಕೈ ಬಿಡಲಿಲ್ಲ. ಎಡಗೈಯಲ್ಲಿ ಉಣ್ಣುತ್ತಾ ಡೆಲ್ಫೀನ್ ಬಟ್ಟೆಯ ಮೇಲೆಲ್ಲ ಸೂಪು ಚೆಲ್ಲಿಕೊಂಡಳು.

ಹೊರಡುವಾಗ ಇಬ್ಬರೂ ಅಳಲಿಲ್ಲ. ಅತ್ತರೆ ಬ್ರೋನ್ಯಾಳ ಉಸಿರು ಕಟ್ಟುತ್ತದೆ ಎಂದು ಇಬ್ಬರಿಗೂ ಭಯ. "ಹೋಗ್ಬಾ" ಎಂದಳು ಅಕ್ಕ, ಮುಂದಿನ ತಿಂಗಳು ಮತ್ತೆ ಬರುವವಳಿಗೆ ಹೇಳುವಂತೆ. ಡೆಲ್ಫೀನ್ ಬೀದಿ ತಿರುಗಿದ ಮೇಲೆ ಕಾರು ನಿಲ್ಲಿಸಿ, ಒಬ್ಬಳೇ ಕೂತು, ಸ್ಟೀರಿಂಗಿಗೆ ಹಣೆಯಿಟ್ಟು ಬಾಯಿಬಿಟ್ಟು ಅತ್ತಳು. ಅಕ್ಕನನ್ನು ನೋಡಿದೆ, ಅಷ್ಟಾದರೂ ಮಾಡಿದೆ, ಯಾರೂ ಅದನ್ನು ಕಸಿಯಲಾರರು ಎಂದು ತನಗೆ ತಾನೇ ಹೇಳಿಕೊಂಡಳು.

ಐದು ಗಂಟೆಗೆ ಹಲೀನಾ ಬೀದಿಗೆ ಬಂದು, ರಸ್ತೆಯಲ್ಲೇ ಕಾರು ನಿಲ್ಲಿಸಿದಳು. ಇಳಿಯುವಾಗ ಮನಸ್ಸು ಗಟ್ಟಿಮಾಡಿಕೊಂಡಳು. ಕೋಪಕ್ಕೆ ಕೋಪ, ಮಾತಿಗೆ ಮಾತು. ನಿನ್ನ ನೆಲಕ್ಕಿಂತ ನನ್ನಕ್ಕ ದೊಡ್ಡವಳು ಎಂದು ಹೇಳಿಯೇ ಬಿಡಬೇಕು.

ಹಗ್ಗ ಮತ್ತೆ ಕಟ್ಟಿತ್ತು. ನಾರ್ಬರ್ಟ್ ಮೆಟ್ಟಿಲ ಮೇಲೆ ಕೂತು ಸೀಮೆಣ್ಣೆಯಲ್ಲಿ ಬ್ರಷ್ಷು ತೊಳೆಯುತ್ತಿದ್ದ. ಮಂಡಿಯೆಲ್ಲ ಕರಿ. ಅವಳನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ? ಬಾ, ಬಾ ಇಲ್ಲಿ. ನೋಡು."

ಅವಳು ನೋಡಿದಳು. ಷೆಡ್ಡಿನಿಂದ ರಸ್ತೆಯ ತನಕ ಒಂದೇ ಕಪ್ಪು. ಒಂದು ಗೆರೆಯಿಲ್ಲ.

"ಅರ್ಧ ಡಬ್ಬ ಉಳಿದಿತ್ತು" ಎಂದ ನಾರ್ಬರ್ಟ್. "ನೀನು ನೇರ ಬಂದಿದ್ದಕ್ಕೆ ಸುಲಭ ಆಯ್ತು. ಅಂಕುಡೊಂಕು ಬಂದಿದ್ರೆ ಪೂರ್ತಿ ಮತ್ತೆ ಹಚ್ಬೇಕಿತ್ತು. ಹತ್ತರ ಪೂಜೆಯಿಂದ ಜನ ಬರೋದ್ರೊಳಗೆ ಮುಗ್ಸಿದೆ, ಈಗ ಅಂಚಿಗೆ ಇನ್ನೊಂದು ಕೈ ಹಚ್ಚಿದೆ. ಎಲ್ಲಿತ್ತು ಹೇಳು ನೋಡೋಣ? ನೋಡ್ತಾ ನಿಂತಿದ್ದ ಚೆಟ್‌ಗೇ ಗೊತ್ತಾಗ್ಲಿಲ್ಲ."

"ಗೊತ್ತೇ ಆಗಲ್ಲ ಕಣಮ್ಮ" ಎಂದು ಬೇಲಿಯಾಚೆಯಿಂದ ಚೆಟ್ ಸಾಕ್ಷಿ ನುಡಿದ.

ಡೆಲ್ಫೀನ್ ಹಗ್ಗ ಹಿಡಿದು ಬಗ್ಗಿ ಹುಡುಕಿದಳು. ಗೋಡೆಯ ಪಕ್ಕ ನೋಡಿದಳು, ತಾನು ನಿಲ್ಲಿಸಿ ಮುಂದೆ ಹೋದ ಜಾಗ ಯಾವುದು ಎಂದು ನೋಡಿದಳು. ನಾರ್ಬರ್ಟ್ ಕೆಲಸದಲ್ಲಿ ನಿಜವಾಗಿಯೂ ನಿಪುಣ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನಿಗೆ ಕೋಪವೇ ಇರಲಿಲ್ಲ.

"ನಾನು ಹೋಗಿದ್ದೆ, ನಾರ್ಬ್" ಎಂದಳು.

"ಹಾಂ?"

"ಇವತ್ತು. ಇದ್ರ ಮೇಲೇ ಹೋಗಿದ್ದೆ ನಾನು."

"ಹೋಗಿಲ್ಲ ಅಂದವರ್ಯಾರು?" ಎಂದ ನಾರ್ಬರ್ಟ್ ಬ್ರಷ್ಷು ಒದರುತ್ತಾ. "ಊಟಕ್ಕೇನಿದೆ?"